ಸಿಪ್ರಿ ಬಾಪ್ಪು ಮನೆಗೆ ಏಳು ತೆನೆ

ಮದುವೆಯಾಗಿ ಬಂದ ಮೊದಲ ಹಬ್ಬಕ್ಕೆ ಅತ್ತೆ ಬಾಳೆಲೆ ಹಾಕಿ ಬಡಿಸಿದ್ದು ಅಲಸಂಡೆ, ಬೆಂಡೆ, ಹೀರೆ, ಹರಿವೆ, ಕೆಸುವಿನ ದಂಟು. ಕೋಳಿ ಇಲ್ಲ, ಕುರಿ ಇಲ್ಲ, ಸಮುದ್ರ ಕೂಗಳತೆಯಲ್ಲಿದ್ದರೂ ಒಂದು ಮೀನಿನ ತುಂಡಿಲ್ಲ. ಗೋಡೆಯ ಮೇಲೆ ಯೇಸುವಿನ ಪಟ, ಕೆಳಗೆ ಬಾಳೆಲೆಯ ಸಾಲು. ನಾನು ತಪ್ಪಿ ಬೇರೆ ಯಾರದ್ದೋ ಮನೆಗೆ ಸೊಸೆಯಾಗಿ ಬಂದೆನೇನೋ ಅನ್ನಿಸಿತು. ನಮ್ಮ ಬೀದರ್ ಕಡೆ ಕ್ರೈಸ್ತರ ಮನೆಯಲ್ಲಿ ಹಬ್ಬವೆಂದರೆ ಓಣಿಯ ತುದಿಯವರೆಗೆ ಮಸಾಲೆಯ ವಾಸನೆ ಹೊಡೆಯಬೇಕು. ಇಲ್ಲಿ ಪಲ್ಯಗಳ ಸಂಖ್ಯೆ ಬೆಸವಾಗಿರಬೇಕು ಎಂದು ಅತ್ತೆ ಎಲೆಯ ಮುಂದೆ ಕೂತು ಬೆರಳು ಮಡಚಿ ಎಣಿಸುತ್ತಿದ್ದರು.

ಈ ಹಬ್ಬದ ಹೆಸರು ಮೊಂತಿ ಫೆಸ್ತ್. ಸೆಪ್ಟೆಂಬರ್ ಎಂಟು, ಮರಿಯಮ್ಮನವರು ಹುಟ್ಟಿದ ದಿನ. ಕರಾವಳಿಯ ಕೊಂಕಣಿ ಕ್ಯಾಥೋಲಿಕರಿಗೆ ಇದೇ ಹೊಸಕ್ಕಿ ಹಬ್ಬವೂ ಹೌದು. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮರಿಯಮ್ಮನ ಮೂರ್ತಿಗೆ ಎರಚುತ್ತಾರೆ. ಕೊನೆಯ ದಿನ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಫಾದರ್ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಹಂಚುತ್ತಾರೆ. ಮಕ್ಕಳಿಗೆ ಕಬ್ಬು, ಮನೆಗಳಿಗೆ ತೆನೆ. ಮನೆಯಲ್ಲಿ ಎಷ್ಟು ಜನವೋ ಅಷ್ಟು ತೆನೆ. ಆ ಕಾಳನ್ನು ಸುಲಿದು, ಪುಡಿ ಮಾಡಿ, ಹಾಲಿಗೆ ಬೆರೆಸಿ, ಊಟಕ್ಕೆ ಮೊದಲು ಎಲ್ಲರೂ ಒಂದೊಂದು ಗುಟುಕು ಕುಡಿಯುತ್ತಾರೆ. ಗಲ್ಫಿನಲ್ಲಿ ಇರುವವರಿಗೂ ತೆನೆ ಉಂಟು. ಅವರ ಪಾಲಿನ ಕಾಳನ್ನು ಲಕೋಟೆಯಲ್ಲಿಟ್ಟು ಕಳಿಸುತ್ತಾರೆ.

ನಮ್ಮ ವಾರ್ಡಿನ ಮನೆಗಳಿಗೆ ತೆನೆ ಎಣಿಸಿ ಕೊಡುವ ಕೆಲಸ ಗುರ್ಕಾರರದ್ದು. ಗುರ್ಕಾರ್ ಅಂದರೆ ವಾರ್ಡಿನ ಹಿರಿಯ, ಇಗರ್ಜಿಗೂ ಮನೆಗಳಿಗೂ ನಡುವಿನ ಮನುಷ್ಯ. ನಮ್ಮವರ ಹೆಸರು ಸಿಪ್ರಿಯನ್. ಊರಿನವರ ಬಾಯಲ್ಲಿ ಸಿಪ್ರಿ ಬಾಪ್ಪು, ಅತ್ತೆಯಂಥ ಹಿರಿಯರ ಬಾಯಲ್ಲಿ ಸಿಪ್ರಿಯಾಬ್. ಬಾಪ್ಪು ಎಂದರೆ ಚಿಕ್ಕಪ್ಪ. ವಯಸ್ಸಿಗೆ ಬೆಲೆ ಕೊಟ್ಟು ಇಲ್ಲಿ ‘ಅವರು’ ಎಂದೇ ಬರೆಯುತ್ತೇನೆ. ಮನಸ್ಸಿನಲ್ಲಿ ಎಂದೂ ಹಾಗೆ ಕರೆದವಳಲ್ಲ.

ಆ ದಿನ ಇಗರ್ಜಿಯ ಅಂಗಳದಲ್ಲಿ ನಾನು ಮದುವೆಯ ಸೀರೆ ಉಟ್ಟು ಅತ್ತೆಯ ಪಕ್ಕದಲ್ಲಿ ನಿಂತಿದ್ದೆ. ಸಿಪ್ರಿ ಬಾಪ್ಪು ನಮ್ಮ ಮನೆಗೆ ಮೂರು ತೆನೆ ಕೊಟ್ಟರು. ಅತ್ತೆಗೆ ಒಂದು, ನನ್ನ ಗಂಡ ಆಲ್ವಿನನಿಗೆ ಒಂದು, ದುಬೈಯಲ್ಲಿರುವ ಭಾವನಿಗೆ ಒಂದು.

“ಸಿಪ್ರಿಯಾಬ್, ನಾವೀಗ ನಾಲ್ಕು ಜನ ಅಲ್ವಾ?” ಎಂದರು ಅತ್ತೆ.

ಅವರು ನನ್ನ ಕಡೆ ತಿರುಗಿ, ನನಗೆ ಚೆನ್ನಾಗಿ ಅರ್ಥವಾಗಲಿ ಎಂದು ಕೊಂಕಣಿ ಬಿಟ್ಟು ಕನ್ನಡದಲ್ಲಿ ಹೇಳಿದರು: “ತೆನೆ ಮನೆಯವರಿಗೆ ಮಾರಾಯ್ತಿ. ಬಂದವರಿಗೆ ಅಲ್ಲ.”

ಸುತ್ತ ನಿಂತವರು ನಕ್ಕರು. ಜೋರಾಗಿ ಅಲ್ಲ, ಮರ್ಯಾದಸ್ಥರು ನಗುವ ಹಾಗೆ. ಅವರ ಮಗಳು ಲವೀನಾ ಆಗ ಹೈಸ್ಕೂಲಿನ ಹುಡುಗಿ, ಕೈಯಲ್ಲಿ ಕಬ್ಬಿನ ತುಂಡು ಹಿಡಿದು ನಿಂತಿದ್ದಳು. ಅವಳೂ ನಕ್ಕಳು. ಅದನ್ನೂ ನಾನು ಮರೆತಿಲ್ಲ.

ದುಬೈಯಲ್ಲಿ ಎಸಿ ಹಾಕಿಕೊಂಡು ಮಲಗಿದ್ದ ಭಾವನಿಗೆ ತೆನೆ ಉಂಟು, ಎದುರಿಗೆ ಬಿಸಿಲಿನಲ್ಲಿ ನಿಂತ ನನಗಿಲ್ಲ. ಬೀದರಿನಲ್ಲಿ ನಮ್ಮದು ಪ್ರೊಟೆಸ್ಟೆಂಟ್ ಸಭೆ. ಅಲ್ಲಿಯೂ ಸುಗ್ಗಿಯ ಹಬ್ಬ ಉಂಟು. ಆದರೆ ಅಲ್ಲಿ ನಾವು ಜೋಳದ ತೆನೆಯನ್ನು ದೇವರ ಗುಡಿಗೆ, ಅಂದರೆ ನಮ್ಮ ಚರ್ಚಿಗೆ, ಹೊತ್ತುಕೊಂಡು ಹೋಗುತ್ತೇವೆ. ಕಂಬಕ್ಕೆ ಕಟ್ಟುತ್ತೇವೆ, ಮೂಲೆಯಲ್ಲಿ ರಾಶಿ ಹಾಕುತ್ತೇವೆ. ಯಾರು ತಂದರು, ಯಾರು ತರಲಿಲ್ಲ ಎಂದು ಕೇಳುವವರಿಲ್ಲ. ಇಲ್ಲಿ ತೆನೆ ದೇವರ ಮನೆಯಿಂದ ನಮ್ಮ ಮನೆಗೆ ಬರುತ್ತದೆ, ಅದೂ ಒಬ್ಬ ಮನುಷ್ಯನ ಕೈಯಿಂದ, ತಲೆ ಎಣಿಸಿ. ಈ ವ್ಯತ್ಯಾಸ ನನಗೆ ಅರ್ಥವಾದದ್ದು ಆ ಅಂಗಳದಲ್ಲಿ.

ಮನೆಗೆ ಬಂದು ಅತ್ತೆ ಹಾಲಿನ ಬಟ್ಟಲು ಮುಂದಿಟ್ಟರು. “ಎಲ್ಲ ಕಾಳೂ ಒಟ್ಟಿಗೆ ಪುಡಿಯಾಗಿದೆ ಮಗಾ, ಯಾರದ್ದು ಯಾವುದು ಅಂತ ಯಾರಿಗೆ ಗೊತ್ತುಂಟು? ಕುಡಿ,” ಎಂದರು. ನನಗೆ ಗೊತ್ತಿತ್ತು. ಆ ಹಾಲಿನಲ್ಲಿ ಮೂರು ತೆನೆ ಇತ್ತು, ನನ್ನದು ಇರಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿ ಬಟ್ಟಲನ್ನು ದೂರ ಸರಿಸಿದೆ. ನನ್ನ ಸೇಡು ಶುರುವಾದದ್ದು ಅಲ್ಲಿಂದ.

ಅದಕ್ಕೂ ಮೊದಲು ನಾನು ಮಣಿಪಾಲದಲ್ಲಿ ನರ್ಸ್ ಆಗಿದ್ದೆ. ಕೆಲಸ ಸಿಕ್ಕಿತೆಂದು ಒಂದು ಟ್ರಂಕು ಹಿಡಿದು ಬಂದವಳು. ಬಾಡಿಗೆ ಕೋಣೆಯಲ್ಲಿ ಮೂವರು ಹುಡುಗಿಯರು, ಒಂದು ಕಿಟಕಿ. ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ಬಿಡುವುದೇ ಇಲ್ಲ. ನಮ್ಮಲ್ಲಿ ಮಳೆ ಬಂದರೆ ಜನ ಹೊರಗೆ ಬಂದು ಆಕಾಶ ನೋಡುತ್ತಾರೆ, ಇಲ್ಲಿ ತಲೆ ಎತ್ತುವುದೂ ಇಲ್ಲ. ಬೆಲ್ಟು, ಚಪ್ಪಲಿ, ಅಮ್ಮ ಕೊಟ್ಟ ಸತ್ಯವೇದದ ರಟ್ಟು, ಎಲ್ಲದಕ್ಕೂ ಬೂಸ್ಟು ಹಿಡಿಯಿತು. ಒಗೆದ ಯೂನಿಫಾರ್ಮು ಒಣಗದೆ ಫ್ಯಾನಿನ ಕೆಳಗೆ ನೇತಾಡುತ್ತಿತ್ತು. ಕ್ಯಾಂಟೀನಿನಲ್ಲಿ ಮೊದಲ ದಿನ ಕುಚ್ಚಲಕ್ಕಿ ಅನ್ನ ಬಡಿಸಿದಾಗ, ಇದು ಸರಿಯಾಗಿ ಬೆಂದಿಲ್ಲ ಎಂದು ವಾಪಸು ಕೊಟ್ಟೆ. ಬಡಿಸುವವನು ಪಾಪ, “ಅದು ಹಾಗೆಯೇ ಮೇಡಂ, ದಪ್ಪವೇ ಇರುವುದು,” ಎಂದ. ರೊಟ್ಟಿ, ಪುಂಡಿ ಪಲ್ಯ ನೆನೆದು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ.

ಭಾಷೆಯ ಕಥೆ ಇನ್ನೂ ವಿಚಿತ್ರ. ಕನ್ನಡ ನಾಡಿನೊಳಗೇ ಇದ್ದೇನೆ ಎಂದು ಧೈರ್ಯವಾಗಿ ಬಂದಿದ್ದೆ. ಇಲ್ಲಿ ಕನ್ನಡ ಎಲ್ಲರಿಗೂ ಬರುತ್ತದೆ, ನಮಗಿಂತ ಶುದ್ಧವಾಗಿ ಬರುತ್ತದೆ, ಆದರೆ ಯಾರ ಮನೆಯೊಳಗೂ ಅದು ಇಲ್ಲ. ಮನೆಯೊಳಗೆ ತುಳು, ಕೊಂಕಣಿ, ಬ್ಯಾರಿ. ಕನ್ನಡವೆಂದರೆ ಶಾಲೆ, ಕಚೇರಿ, ಅಪರಿಚಿತರು. ನನ್ನ ಜೊತೆ ಯಾರಾದರೂ ಕನ್ನಡ ಆಡಿದರೆ ಮೊದಮೊದಲು ಖುಷಿಯಾಗುತ್ತಿತ್ತು. ಆಮೇಲೆ ತಿಳಿಯಿತು, ಇವರು ನನ್ನನ್ನು ಹೊರಗಿನ ಜಗಲಿಯಲ್ಲೇ ಕೂರಿಸಿ ಮಾತಾಡುತ್ತಿದ್ದಾರೆ ಎಂದು. ಹಟ ಹಿಡಿದು ಎರಡು ವರ್ಷದಲ್ಲಿ ಕೊಂಕಣಿ ಕಲಿತೆ. ಸಿಪ್ರಿ ಬಾಪ್ಪು ಮಾತ್ರ, ನಾನು ಕೊಂಕಣಿಯಲ್ಲಿ ಕೇಳಿದರೂ, ನನಗೆ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದರು.

ಆಲ್ವಿನ್ ನಾನಿದ್ದ ಆಸ್ಪತ್ರೆಗೆ ಎಸಿ ರಿಪೇರಿಗೆ ಬರುತ್ತಿದ್ದ. ನಮ್ಮ ವಾರ್ಡಿನ ಎಸಿ ಅಷ್ಟೊಂದು ಸಲ ಏಕೆ ಕೆಡುತ್ತಿತ್ತು ಎಂದು ಆಗ ನನಗೆ ಹೊಳೆದಿರಲಿಲ್ಲ. ಶಂಕರಪುರದಿಂದ ಕಾಪುವಿಗೆ ಹೋಗುವ ದಾರಿಯಲ್ಲಿ ಅವನ ಮನೆ. ಹಿತ್ತಲಿನಲ್ಲಿ ಮಲ್ಲಿಗೆ ಗಿಡಗಳು, ಮುಂದೆ ಸಣ್ಣ ಗದ್ದೆ. ಅತ್ತೆಯನ್ನು ಇಲ್ಲಿ ಮಾಂಯ್ ಎನ್ನುತ್ತಾರೆ. ನಮ್ಮ ಮಾಂಯ್ ನನ್ನ ಮೇಲೆ ಒಂದು ದಿನವೂ ದನಿ ಎತ್ತಿದವರಲ್ಲ. ಸಂಜೆ ಮಲ್ಲಿಗೆ ಗಿಡಕ್ಕೆ ನೀರು ಬಿಡುವಾಗ, ನಾನು ಪಟ್ಟಣದ ಕೆಲಸದವಳು ಎಂಬ ಗೌರವದಿಂದ ನನ್ನ ಕೈಗೆ ಕೊಡ ಕೊಡುತ್ತಿರಲಿಲ್ಲ. ನಾನೇ ಕಸಿದುಕೊಳ್ಳಬೇಕಿತ್ತು.

ಮರು ವರ್ಷದ ಹಬ್ಬಕ್ಕೆ ಫಾದರೇ ಸಿಪ್ರಿ ಬಾಪ್ಪುವಿಗೆ ಹೇಳಿದರಂತೆ, ದೀಕ್ಷಾಸ್ನಾನ ಎಲ್ಲಿ ಆದರೂ ಒಂದೇ, ಆ ಹುಡುಗಿಗೂ ತೆನೆ ಕೊಡಿ ಎಂದು. ಎಲ್ಲ ಮನೆಗಳಿಗೂ ಹಂಚಿ ಮುಗಿದ ಮೇಲೆ ಬಾಪ್ಪು ಬುಟ್ಟಿಯ ತಳದಿಂದ ಒಂದು ಬಡಕಲು ತೆನೆ ತೆಗೆದು ನನ್ನ ಕಡೆ ಚಾಚಿದರು.

“ಹಿಡಿ. ಈಗ ಸಮಾಧಾನ ಆಯ್ತಲ್ಲ?”

ನಾನು ಕೈ ಚಾಚಲಿಲ್ಲ. “ಬೇಡ ಬಾಪ್ಪು. ನನ್ನ ಗದ್ದೆಯಲ್ಲಿ ಬೆಳೆದ ತೆನೆ ಈ ಇಗರ್ಜಿಗೆ ಬಂದ ದಿನ ತೆಗೆದುಕೊಳ್ಳುತ್ತೇನೆ. ಅದನ್ನು ಕೇಳಲು ನೀವೇ ನಮ್ಮ ಅಂಗಳಕ್ಕೆ ಬರುತ್ತೀರಿ,” ಎಂದೆ.

ಎಲ್ಲಿಂದ ಬಂತೋ ಆ ಮಾತು. ನಮ್ಮ ಗದ್ದೆ ಆಗ ಹಡಿಲು ಬಿದ್ದಿತ್ತು. ಉಳುವವರಿಲ್ಲದೆ ಪಾಳು ಬಿದ್ದ ಗದ್ದೆಗೆ ಇಲ್ಲಿ ಹಡಿಲು ಎನ್ನುತ್ತಾರೆ. ನಾನೋ ಜೋಳದ ಸೀಮೆಯವಳು, ಭತ್ತದ ಪೈರನ್ನೂ ಹುಲ್ಲನ್ನೂ ಒಂದೇ ಕಣ್ಣಿನಿಂದ ನೋಡುವವಳು.

ಇಲ್ಲಿ ರಾತ್ರಿ ಊಟಕ್ಕೆ ಮುಂಚೆ ಮನೆಮಂದಿ ಎಲ್ಲ ಸೇರಿ ತೇರ್ಸ್ ಹೇಳುತ್ತಾರೆ, ಅಂದರೆ ಜಪಸರ. ನಮ್ಮ ಸಭೆಯಲ್ಲಿ ಜಪಸರ ಇಲ್ಲ. ಆದರೂ ನಡುನಡುವೆ ಬರುವ ಕರ್ತನ ಪ್ರಾರ್ಥನೆ ನನ್ನದೇ. ಕೊಂಕಣಿಯಲ್ಲಿ ಹೇಳಿದರೂ ನನ್ನದೇ. ಅದರಲ್ಲಿ ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುತ್ತೇವೆ ಎಂದು ಒಪ್ಪಿಕೊಳ್ಳುವ ಸಾಲು ಉಂಟಲ್ಲ, ಅದು ಬಂದಾಗ ನಾನು ಬಾಯಿ ಮುಚ್ಚುತ್ತಿದ್ದೆ. ದೇವರ ಮುಂದೆ ಸುಳ್ಳು ಹೇಳಬಾರದು. ಮಾಂಯ್ ಗಮನಿಸಿದರು. ಮರುದಿನದಿಂದ ಆ ಸಾಲು ಬಂದಾಗ ತಾವು ಸ್ವಲ್ಪ ಜೋರಾಗಿ ಹೇಳತೊಡಗಿದರು.

ಆಮೇಲೆ ಒಳ್ಳೆಯ ವರ್ಷಗಳು ಬಂದವು. ಆಲ್ವಿನ್ ಸ್ವಂತ ಅಂಗಡಿ ಹಾಕಿದ. ಭಾನುವಾರ ಸಂಜೆ ಕಾಪುವಿನ ಕಡಲ ತೀರಕ್ಕೆ ಹೋಗುತ್ತಿದ್ದೆವು, ಎರ್ಮಾಳಿನಿಂದ ಬಂಗುಡೆ ತರುತ್ತಿದ್ದೆವು. ಅದನ್ನು ಶುಚಿ ಮಾಡಲು ಮಾಂಯ್ ಕಲಿಸಿದರು. ಒಳ್ಳೆಯ ದಿನಗಳಲ್ಲಿ ಭಕ್ತಿ ಸುಲಭ ಎಂದು ನಮ್ಮ ಸಭೆಯ ಪ್ರಸಂಗಗಳಲ್ಲಿ ಹೇಳುತ್ತಿದ್ದರು. ನನ್ನ ಅನುಭವ ಬೇರೆ. ಸುಖವಾಗಿದ್ದಾಗ ಭಾನುವಾರ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವುದೇ ಕಷ್ಟ. ಆದರೂ ಏಳುತ್ತಿದ್ದೆ. ನಾನು ಒಂದು ವಾರ ಬಾರದಿದ್ದರೆ ಸಿಪ್ರಿ ಬಾಪ್ಪು, “ನೋಡಿದಿರಾ, ಬಂದವರು ಹೀಗೆಯೇ,” ಎನ್ನುತ್ತಾರೆ. ಆ ಸಂತೋಷವನ್ನು ಅವರಿಗೆ ಕೊಡಬಾರದು. ಅವರ ಕಣ್ಣಿಗೆ ನೇರ ಬೀಳುವ ಬೆಂಚಿನಲ್ಲಿ, ಮುಂದಿನಿಂದ ಎರಡನೆಯದರಲ್ಲಿ, ಪ್ರತಿ ಭಾನುವಾರ ಕುಳಿತೆ. ನನ್ನನ್ನು ದೇವರ ಮನೆಗೆ ಎಳೆದುಕೊಂಡು ಹೋದದ್ದು ಪ್ರೀತಿಯಲ್ಲ, ಹಗೆ. ಇದನ್ನು ಓದಿ ಬೀದರಿನ ನಮ್ಮ ಪಾಸ್ಟರಮ್ಮ ಬೇಸರಪಟ್ಟುಕೊಳ್ಳಬಹುದು. ಪಡಲಿ.

ಕೆಟ್ಟ ಕಾಲ ಒಂದು ಮಧ್ಯಾಹ್ನ ಬಂತು. ಉಡುಪಿಯಲ್ಲಿ ಎರಡನೇ ಮಹಡಿಯ ಹೊರಗೋಡೆಗೆ ಎಸಿ ಕೂರಿಸುವಾಗ ಆಲ್ವಿನ್ ಬಿದ್ದ. ಬೆನ್ನುಮೂಳೆಗೆ ಏಟು. ಬೇರೆಯವರ ಗಂಡಂದಿರನ್ನು ಮಗ್ಗುಲು ಬದಲಿಸಿ ಮಲಗಿಸುತ್ತಿದ್ದ ಕೈಗಳಿಂದ ನನ್ನ ಗಂಡನನ್ನು ಮಲಗಿಸಿದೆ. ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ಪದ್ಧತಿಯಂತೆ ವಾರ್ಡಿನವರು ಪ್ರಾರ್ಥನೆಗೆ ಬಂದರು. ಸಿಪ್ರಿ ಬಾಪ್ಪುವೇ ಮುಂದೆ ನಿಂತು ಪ್ರಾರ್ಥನೆ ಹೇಳಿಸಿದರು, ಚೆನ್ನಾಗಿಯೇ ಹೇಳಿಸಿದರು. ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ಕಿಟಕಿಯ ಆಚೆ ಅಂಗಳದಲ್ಲಿ ಅವರ ದನಿ ಕೇಳಿಸಿತು. ಕೊಂಕಣಿಯಲ್ಲಿ, ನನಗೆ ಕೇಳಿಸದು ಎಂಬ ಭರವಸೆಯಲ್ಲಿ, ಯಾರಿಗೋ ಹೇಳುತ್ತಿದ್ದರು: “ದೇವರು ಕೊಟ್ಟ ತೆನೆಯನ್ನು ಬೇಡ ಅಂದ ಮನೆ ಇದು. ಇನ್ನೆಂತ ಆಗಬೇಕು?”

ಚಹಾದ ಪಾತ್ರೆ ನನ್ನ ಕೈಯಲ್ಲೇ ಇತ್ತು. ಕಿಟಕಿಯಿಂದ ಎರಚಿಬಿಡುವ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಎರಚಲಿಲ್ಲ. ಲೋಟಗಳಿಗೆ ಸುರಿದು ಹೊರಗೆ ತಂದೆ. ಅವರಿಗೆ ಸಕ್ಕರೆ ಹಾಕದೆ ಕೊಟ್ಟೆ. ಅವರು ಕುಡಿದರು.

ಆ ತಿಂಗಳುಗಳಲ್ಲಿ ನನಗೂ ದೇವರಿಗೂ ಮಾತು ನಿಂತುಹೋಗಿತ್ತು. ಒಂದು ದಿನ ಫೋನಿನಲ್ಲಿ ಅಮ್ಮನಿಗೆ, ಇನ್ನು ನಾನು ಗುಡಿಗೂ ಹೋಗುವುದಿಲ್ಲ, ಇಗರ್ಜಿಗೂ ಹೋಗುವುದಿಲ್ಲ ಎಂದೆ. ಅಮ್ಮ ಬೈಯಲಿಲ್ಲ.

“ಪ್ರಾರ್ಥನಿ ಬರಲಾರದಾಗ ಜಗಳಾ ಮಾಡ್ಬೇಕವ್ವ. ನಿಮ್ಮಜ್ಜಿ ಹಂಗೇ ಮಾಡ್ತಿದ್ಳು. ಶಾಪದ ಕೀರ್ತನಿ ಅದಾವಲ್ಲ, ಅವು ಓದು. ಅವು ಏನ್ ಸುಮ್ಮ ಇಟ್ಟಾರೇನು?”

ವೈರಿಯ ಹಲ್ಲು ಮುರಿಯಲಿ, ಅವನ ಬೇರು ಒಣಗಲಿ ಎಂದು ದೇವರಲ್ಲಿ ಬೇಡುವ ಕೀರ್ತನೆಗಳು ಅವು. ಸಭೆಯಲ್ಲಿ ಅವನ್ನು ಯಾರೂ ಹೆಚ್ಚಾಗಿ ಓದಿಸುವುದಿಲ್ಲ. ನಾನು ಬಾಯಿಪಾಠ ಮಾಡಿದೆ. ಬೂಸ್ಟು ಹಿಡಿದ ರಟ್ಟಿನ ಅದೇ ಪುಸ್ತಕದಿಂದ. ಹೇಳುತ್ತಾ ಹೇಳುತ್ತಾ ಒಂದು ವಿಷಯ ಹೊಳೆಯಿತು. ಇಷ್ಟು ಸಿಟ್ಟಿನಿಂದ ಒಬ್ಬರ ಮೇಲೆ ದೂರು ಹೇಳುತ್ತಿದ್ದೇನೆಂದರೆ, ಕೇಳಿಸಿಕೊಳ್ಳುವವನು ಇದ್ದಾನೆ ಎಂದು ನಾನು ನಂಬಿದ್ದೇನೆ ಎಂದೇ ಅಲ್ಲವೇ? ನಂಬಿಕೆ ಉಳಿದಿದೆ ಎಂದು ಗೊತ್ತಾದದ್ದೇ ಹಾಗೆ.

ಕೀರ್ತನೆ ಹೇಳಲು ಜಾಗ ಬೇಕಲ್ಲ. ಮನೆಯೊಳಗೆ ಮಲಗಿದ ಗಂಡ, ಜಪ ಹೇಳುವ ಮಾಂಯ್. ಹಾಗಾಗಿ ಗದ್ದೆಗೆ ಇಳಿದೆ. ಆಚೆ ಮನೆಯ ಜಲಜಕ್ಕ ತುಳುವಿನವರು, ಹುಟ್ಟಿನಿಂದ ಕೆಸರಿನಲ್ಲಿ ಇದ್ದವರು. ಕ್ರೈಸ್ತ ಹೆಂಗಸರನ್ನು ಇಲ್ಲಿ ಬಾಯಮ್ಮ ಎಂದು ಕರೆಯುವುದು ವಾಡಿಕೆ. ನಾನು ಗುದ್ದಲಿ ಹಿಡಿದದ್ದನ್ನು ನೋಡಿ ಅವರು ಬೇಲಿಯ ಹತ್ತಿರ ಬಂದು ನಿಂತರು.

“ಎಂತ ಬಾಯಮ್ಮ, ಯಾರನ್ನು ಹೂಳಲಿಕ್ಕೆ?”

“ಸದ್ಯಕ್ಕೆ ಭತ್ತ,” ಎಂದೆ.

ಅವರು ನಕ್ಕು ಸೀರೆ ಎತ್ತಿ ಕಟ್ಟಿ ಕೆಳಗೆ ಇಳಿದರು. ಜಲಜಕ್ಕನ ಮನೆಯಲ್ಲೂ ಹೊಸ ತೆನೆ ತಂದು ಬಾಗಿಲಿಗೆ ಕಟ್ಟುವ ಹಬ್ಬ ಉಂಟು. ತೆನೆಗೆ ತುಳುವಿನಲ್ಲಿ ಕುರಲ್ ಎನ್ನುತ್ತಾರೆ. “ನಮಗೆ ಕುರಲ್ ಸ್ವಲ್ಪ ತಡವಾದರೂ ನಡೆಯುತ್ತದೆ. ನಿಮ್ಮ ಮರಿಯಮ್ಮನಿಗೆ ಸೆಪ್ಟೆಂಬರಿಗೇ ಬೇಕು ಅಲ್ವಾ? ಮಳೆಗೆ ಕಾದರೆ ಆಗುವುದಿಲ್ಲ ಮಾರಾಯ್ತಿ. ಮೊದಲೇ ಬಿತ್ತಬೇಕು,” ಎಂದರು. ಮೊದಲ ವರ್ಷ ತೆನೆ ತಡವಾಗಿ ಬಂತು. ಎರಡನೇ ವರ್ಷ ಸಮಯಕ್ಕೆ ಬಂತು, ನವಿಲುಗಳು ಬಂದು ಹಬ್ಬ ಮಾಡಿ ಹೋದವು. ನಮ್ಮ ಬೀದರಿನಲ್ಲಿ ನವಿಲು ಕಂಡರೆ ಮಕ್ಕಳನ್ನು ಕರೆದು ತೋರಿಸುತ್ತೇವೆ. ಇಲ್ಲಿ ನಾನು ಕಲ್ಲು ತೆಗೆದುಕೊಂಡು ಓಡುತ್ತಿದ್ದೆ. ಆ ಹೊತ್ತಿಗೆ ಆಲ್ವಿನ್ ಕೋಲು ಹಿಡಿದು ನಡೆಯತೊಡಗಿದ್ದ. ಮೂರನೇ ವರ್ಷ ಅವನು ಹಳೆಯ ಎಸಿ ಪೈಪುಗಳನ್ನು ದಾರಕ್ಕೆ ಕಟ್ಟಿ, ಜಗಲಿಯಲ್ಲಿ ಕೂತಲ್ಲಿಂದಲೇ ಎಳೆದು ಗಲಗಲ ಸದ್ದು ಮಾಡಿ ನವಿಲು ಓಡಿಸಿದ. ಸೆಪ್ಟೆಂಬರಿನ ಮೊದಲ ವಾರ ನಮ್ಮ ಗದ್ದೆ ಹಳದಿಗೆ ತಿರುಗಿ ನಿಂತಿತು.

ಅದೇ ವರ್ಷ, ಇಗರ್ಜಿಗೆ ಪ್ರತಿ ಸಲ ತೆನೆ ಕೊಡುತ್ತಿದ್ದ ಹೊಳೆಬದಿಯ ಗದ್ದೆ ನೆರೆಯಲ್ಲಿ ಮುಳುಗಿತು. ಹಬ್ಬದ ಹಿಂದಿನ ದಿನ ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದೆ. ಕೊಡೆ ಮಡಚಿಕೊಂಡು ಸಿಪ್ರಿ ಬಾಪ್ಪು ಬಂದು ನಿಂತರು.

ಆ ಗಳಿಗೆಗೆ ನಾನು ಎಷ್ಟು ವರ್ಷ ಕಾದಿದ್ದೆ! ಪೊರಕೆ ಕೆಳಗಿಡಲಿಲ್ಲ. ಕುಳಿತುಕೊಳ್ಳಿ ಎನ್ನಲಿಲ್ಲ.

“ನಿನ್ನ ಗದ್ದೆಯಲ್ಲಿ ತೆನೆ ಉಂಟಂತೆ,” ಎಂದರು.

“ಉಂಟು.”

“ಇಗರ್ಜಿಗೆ ಬೇಕಿತ್ತು.”

“ಯಾರು ಕೇಳುತ್ತಿರುವುದು ಬಾಪ್ಪು? ಇಗರ್ಜಿಯಾ, ನೀವಾ?”

ಅವರು ಕೊಡೆಯ ತುದಿಯಿಂದ ನೆಲ ಕೆದಕಿದರು. “ನಾನೇ,” ಎಂದರು ಕೊನೆಗೆ.

ಅವರನ್ನು ಗದ್ದೆಗೆ ಇಳಿಸಿದೆ. ಚಪ್ಪಲಿ ಬಿಟ್ಟು ಕೆಸರಿನಲ್ಲಿ ನಿಲ್ಲಿಸಿದೆ. ವಾರ್ಡಿನ ಒಂದೊಂದೇ ಮನೆಯ ಹೆಸರು ಹೇಳಲು ಹೇಳಿ, ಕುಯ್ದು ಕುಯ್ದು ಒಂದೊಂದು ಮನೆಗೆ ಒಂದೊಂದು ಸಿವುಡು ಕಟ್ಟಿದೆ. ಅವರ ಮನೆಯ ಸರದಿ ಬಂತು. ನನಗೆ ಬಾಯಿಪಾಠವಿತ್ತು: ಅವರು, ಅವರ ಹೆಂಡತಿ ಬೆನಿಟಾ ಬಾಯಿ, ಮಸ್ಕತ್ತಿನಲ್ಲಿರುವ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ಲವೀನಾ. ಏಳು. ನಾನು ಆರು ತೆನೆ ಕಟ್ಟಿದೆ. ಅವರ ಕಣ್ಣೆದುರಿಗೇ ನಿಧಾನವಾಗಿ ಎಣಿಸಿ ಆರು. ಒಂದು ಕಡಿಮೆ ಉಂಟಲ್ಲ ಎಂದು ಅವರು ಕೇಳಬೇಕು, ಆಗ ಆ ಅಂಗಳದ ಮಾತನ್ನು ಬಡ್ಡಿ ಸಮೇತ ತಿರುಗಿಸಿ ಕೊಡಬೇಕು. ವರ್ಷಗಟ್ಟಲೆ ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿದ್ದೆ.

ಅವರು ಸಿವುಡನ್ನು ಕೈಗೆ ತೆಗೆದುಕೊಂಡರು. ಎಣಿಸಿದರು. ಇನ್ನೊಮ್ಮೆ ಎಣಿಸಿದರು.

“ಸರಿ ಉಂಟು,” ಎಂದು ಬುಟ್ಟಿಗೆ ಹಾಕಿ ಹೊರಟುಹೋದರು.

ನಾನು ಕತ್ತಿ ಹಿಡಿದು ಕೆಸರಿನಲ್ಲಿ ಮಂಕು ಬಡಿದವಳಂತೆ ನಿಂತೆ. ಮನೆಗೆ ಬಂದು ಮಾಂಯ್‌ಗೆ ನಡೆದದ್ದು ಹೇಳಿದೆ. ಮಾಂಯ್ ಮಲ್ಲಿಗೆ ಕಟ್ಟುತ್ತಿದ್ದವರು ಕೈ ನಿಲ್ಲಿಸಿದರು.

“ಲವೀನಾ ಈಸ್ಟರ್ ಕಳೆದ ಮೇಲೆ ಮದುವೆಯಾದಳು ಮಗಾ. ಹುಡುಗ ಕಾರ್ಕಳದ ಹತ್ತಿರ ಕುಕ್ಕುಂದೂರಿನವನು, ತುಳುವಿನವರು, ನಮ್ಮ ಧರ್ಮದವರಲ್ಲ. ರಿಜಿಸ್ಟರ್ ಮಾಡಿದ್ದು. ಅಂದಿನಿಂದ ಸಿಪ್ರಿಯಾಬ್ ಅವಳ ಹೆಸರು ಎತ್ತುವುದಿಲ್ಲ. ಬೆನಿಟಾ ಬಾಯಿಗೆ ಫೋನು ಮಾಡಲಿಕ್ಕೂ ಬಿಡುವುದಿಲ್ಲವಂತೆ. ಹುಡುಗಿ ಪಾಪ, ಭಾನುವಾರ ಕಾರ್ಕಳದ ಇಗರ್ಜಿಗೆ ಒಬ್ಬಳೇ ಹೋಗಿ ಹಿಂದೆ ಕೂರುತ್ತಾಳಂತೆ.”

“ನನಗೆ ಯಾಕೆ ಹೇಳಲಿಲ್ಲ?”

ಮಾಂಯ್ ನನ್ನ ಮುಖ ನೋಡಲಿಲ್ಲ. “ಹೇಳಿದರೆ ನೀನು ಖುಷಿ ಪಡ್ತೀ ಅಂತ.”

ಪಟ್ಟೆ. ಮುಚ್ಚಿಡುವುದು ಏಕೆ? ಬೇರು ಒಣಗಲಿ ಎಂದು ಬೇಡಿದ್ದೆ, ದೇವರು ಕೇಳಿಸಿಕೊಂಡಿದ್ದಾನೆ ಎಂದು ಮೈಯೆಲ್ಲ ಬೆಚ್ಚಗಾಯಿತು. ಆದರೆ ಆ ಖುಷಿ ಮಧ್ಯಾಹ್ನದ ಗಂಜಿ ಉಣ್ಣುವವರೆಗೂ ಉಳಿಯಲಿಲ್ಲ. ಬದಲಿಗೆ ಮೊದಲಿಗಿಂತ ದೊಡ್ಡ ಸಿಟ್ಟು ಬಂತು. ನಾನು ಕೊಟ್ಟ ಪೆಟ್ಟು ಆ ಮನುಷ್ಯನಿಗೆ ತಾಗಲೇ ಇಲ್ಲ. ನಾನು ಕಡಿಮೆ ಮಾಡುವ ಮೊದಲೇ ಅವರು ಸ್ವಂತ ಮಗಳನ್ನು ಕಡಿಮೆ ಮಾಡಿಕೊಂಡಿದ್ದರು. ನನ್ನ ಸೇಡು ಅವರ ಲೆಕ್ಕವನ್ನು ಸರಿ ಮಾಡಿ ಕೊಟ್ಟಿತ್ತು. ನನಗೆ ಮಾಡಿದ್ದನ್ನೇ ಮಗಳಿಗೂ ಮಾಡಿದ್ದಾರೆ, ಅದಕ್ಕೆ ನನ್ನ ಗದ್ದೆಯ ತೆನೆಯನ್ನು, ನನ್ನ ಕೈಯನ್ನೇ ಬಳಸಿಕೊಂಡಿದ್ದಾರೆ! ರಾತ್ರಿ ತೇರ್ಸಿನಲ್ಲಿ ಆ ಸಾಲಿಗೆ ಮಾತ್ರವಲ್ಲ, ಯಾವ ಸಾಲಿಗೂ ನಾನು ಬಾಯಿ ತೆರೆಯಲಿಲ್ಲ.

ಮರುದಿನ ನಮ್ಮ ಗದ್ದೆಯ ತೆನೆಗಳು ಮರಿಯಮ್ಮನ ಮುಂದೆ ಹೋದವು. ಫಾದರ್ ಆಶೀರ್ವದಿಸಿದರು. ಅಂಗಳದಲ್ಲಿ ಸಿಪ್ರಿ ಬಾಪ್ಪು ಹಂಚಿದರು. ನಮ್ಮ ಮನೆಗೆ ಈ ಬಾರಿ ಕೇಳದೆಯೇ ನಾಲ್ಕು. ನನ್ನ ಪಾಲಿನ ತೆನೆಯನ್ನು ಮೊದಲ ಸಲ ಕೈಯಲ್ಲಿ ಹಿಡಿದೆ. ತುಂಬಿದ ಕಾಳು, ಸ್ವಲ್ಪ ಬಾಗಿತ್ತು. ಹಿಡಿದುಕೊಂಡೇ, ಕಬ್ಬಿಗೆ ಮುತ್ತಿದ ಮಕ್ಕಳ ನಡುವಿನಿಂದ ಅವರ ಮುಂದೆ ಹೋಗಿ ನಿಂತೆ. ಅವರ ಪಕ್ಕದಲ್ಲಿ ಬೆನಿಟಾ ಬಾಯಿ ಇದ್ದರು.

“ಬಾಪ್ಪು, ನಿಮ್ಮ ಮನೆಗೆ ಒಂದು ಕಡಿಮೆ ಉಂಟು,” ಎಂದೆ. ಎಲ್ಲರಿಗೂ ಕೇಳುವ ಹಾಗೆ, ಕೊಂಕಣಿಯಲ್ಲಿ.

ಅವರು ಕನ್ನಡದಲ್ಲೇ ಹೇಳಿದರು, “ಲೆಕ್ಕ ಸರಿ ಉಂಟು. ಅವಳು ಮದುವೆಯಾಗಿ ಹೋದವಳು.”

“ಮಸ್ಕತ್ತಿಗೆ ಹೋದ ಮಗನಿಗೆ ಉಂಟಲ್ಲ?”

“ಅದು ಬೇರೆ. ಅವಳನ್ನು ಆ ಮನೆಯವರು ಎಣಿಸಲಿ.”

“ಆ ಮನೆಯವರು ಅನ್ನಕ್ಕೆ ಎಣಿಸುತ್ತಾರೆ ಬಾಪ್ಪು. ತೆನೆಗೆ ಎಣಿಸುವವರು ಯಾರು? ಭಾನುವಾರ ಕಾರ್ಕಳದ ಇಗರ್ಜಿಯಲ್ಲಿ ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂರುತ್ತಾಳಂತೆ. ಅಲ್ಲಿ ಅವಳು ಬಂದವಳು, ಇಲ್ಲಿ ಹೋದವಳು. ಹಾಗಾದರೆ ಇರುವವಳು ಎಲ್ಲಿ?”

ಇದನ್ನು ನಾನು ಲವೀನಾಳಿಗಾಗಿ ಕೇಳಿದೆನೋ ನನಗಾಗಿ ಕೇಳಿದೆನೋ, ಇಂದಿಗೂ ಗೊತ್ತಿಲ್ಲ. ನನ್ನ ತೆನೆಯನ್ನು ಅವರ ಎದೆಯ ಮಟ್ಟಕ್ಕೆ ಚಾಚಿದೆ. “ಇದು ನನ್ನ ಗದ್ದೆಯದ್ದು, ನನ್ನ ಪಾಲಿನದ್ದು. ನಾನು ಎಣಿಸಿದ್ದೇನೆ. ಹಿಡಿಯಿರಿ.”

ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ನಾನು ಕೈ ಹಿಂದಕ್ಕೆ ಎಳೆಯಲಿಲ್ಲ. ನೋಡುತ್ತಿದ್ದವರಲ್ಲಿ ಯಾರೂ ಈ ಸಲ ನಗಲಿಲ್ಲ. ಬೆನಿಟಾ ಬಾಯಿ ಒಂದು ಹೆಜ್ಜೆ ಮುಂದೆ ಬಂದು ಸೆರಗು ಒಡ್ಡಿದರು. ತೆನೆ ಬಿತ್ತು. ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿ, ಗಂಡನ ಮುಖ ನೋಡದೆ, ಅವರು ನೇರ ಬಸ್ ಸ್ಟಾಪಿನ ಕಡೆ ನಡೆದರು. ಹಬ್ಬದ ಊಟಕ್ಕೂ ಮನೆಗೆ ಹೋಗಲಿಲ್ಲ. ಕಾರ್ಕಳದ ಬಸ್ಸು ಹಿಡಿದರಂತೆ.

ಸಿಪ್ರಿ ಬಾಪ್ಪುವಿನ ಮನೆಯಲ್ಲಿ ಅಂದು ಎಲೆ ಹಾಕುವವರು ಯಾರಿದ್ದರೋ ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ಆಸೆ ಮಾತ್ರ ಬಹಳ ಇತ್ತು.

ನಮ್ಮ ಮನೆಯ ಬಟ್ಟಲಿನಲ್ಲಿ ಆ ವರ್ಷವೂ ಮೂರೇ ತೆನೆಯ ಕಾಳು. ಮಾಂಯ್ ಅನುಮಾನದಿಂದಲೇ ಬಟ್ಟಲನ್ನು ನನ್ನ ಮುಂದೆ ಇಟ್ಟರು. ನಾನು ಎತ್ತಿ ಒಂದು ಗುಟುಕಿನ ಬದಲು ಎರಡು ಗುಟುಕು ಕುಡಿದೆ. ಆಲ್ವಿನ್, “ಸ್ವಲ್ಪ ನಮಗೂ ಇಡು ಮಾರಾಯ್ತಿ,” ಎಂದ. ಬರೀ ಹಾಲಿನ ರುಚಿಯೇ, ಮತ್ತೇನಿಲ್ಲ.

ಉಳಿದ ಭತ್ತದಿಂದ ಕೆಲವು ಕಾಳು ತೆಗೆದು ಲಕೋಟೆಯಲ್ಲಿಟ್ಟು ಬೀದರಿಗೆ ಕಳಿಸಿದೆ, ಗಲ್ಫಿನವರಿಗೆ ಕಳಿಸುವ ಹಾಗೆ. ಅಮ್ಮ ಫೋನು ಮಾಡಿದಳು. “ಏನವ್ವಾ, ನಾಕ್ ಕಾಳ ಕಳ್ಸಿದಿ, ಇದ್ರಾಗ ಮಂದಿಗೆಲ್ಲ ಊಟಕ್ಕ ಹೆಂಗ ಹಾಕ್ಲಿ?” ಎಂದು ನಕ್ಕಳು. ಆಮೇಲೆ ಅವನ್ನು ಸುಗ್ಗಿ ಹಬ್ಬದ ದಿನ ಗುಡಿಗೆ ಒಯ್ದು ಜೋಳದ ರಾಶಿಯ ಮೇಲೆ ಇಟ್ಟಳಂತೆ. ಫೋನಿನಲ್ಲಿ ಅಮ್ಮನ ಹಿಂದಿನಿಂದ ತಮ್ಮ ಕೂಗುವುದೂ ಕೇಳಿಸಿತ್ತು: “ಅಕ್ಕಾ, ನಿಮ್ ಕಡಿ ಭತ್ತ ಭಾಳ ದಪ್ಪ ಅದಾವ!” ನಿಮ್ಮ ಕಡೆ ಅಂದರೆ ಕರಾವಳಿ. ಇಲ್ಲಿ ಜಲಜಕ್ಕ ಬಿಸಿಲು ಜಾಸ್ತಿಯಾದಾಗಲೆಲ್ಲ, “ನಿಮ್ಮ ಊರಲ್ಲಿ ಇದಕ್ಕಿಂತ ಹೆಚ್ಚು ಅಲ್ವಾ ಬಾಯಮ್ಮ?” ಎನ್ನುತ್ತಾರೆ. ನಿಮ್ಮ ಊರು ಅಂದರೆ ಬೀದರ್. ಎರಡೂ ಕಡೆಯವರು ಪ್ರೀತಿಯಿಂದಲೇ ಹೇಳುತ್ತಾರೆ. ಎರಡೂ ಸಲ ನಾನು ಹೂಂ ಎನ್ನುತ್ತೇನೆ.

ಈ ವರ್ಷ ಹಬ್ಬದ ಹಿಂದಿನ ದಿನ ಸಿಪ್ರಿ ಬಾಪ್ಪು ಮತ್ತೆ ಬಂದರು. ಈಗ ಅವರೇ ಚಪ್ಪಲಿ ಬಿಟ್ಟು ಗದ್ದೆಗೆ ಇಳಿಯುತ್ತಾರೆ. ಮನೆಗಳ ಹೆಸರು ಒಂದೊಂದಾಗಿ ಮುಗಿದವು. ಕೊನೆಗೆ ಅವರದ್ದು.

“ನಿಮ್ಮ ಮನೆಗೆ ಎಷ್ಟು ಬಾಪ್ಪು?” ಎಂದೆ.

ಉತ್ತರ ನನಗೆ ಗೊತ್ತಿತ್ತು. ಅವರಿಗೂ ಅದು ಗೊತ್ತಿತ್ತು. ನಾನು ಕತ್ತಿ ಹಿಡಿದು ಕಾದೆ. ಅವರಾಗಿಯೇ ಹೇಳುವವರೆಗೆ ಒಂದು ಕಡ್ಡಿಯನ್ನೂ ಕುಯ್ಯುವವಳಲ್ಲ. ದೂರದಲ್ಲಿ ಆಲ್ವಿನ್ ದಾರ ಎಳೆದ, ಪೈಪುಗಳು ಗಲಗಲ ಎಂದವು, ನವಿಲೊಂದು ಎದ್ದು ಹೋಯಿತು.

“ಸಾತ್,” ಎಂದರು.

ಕೊಂಕಣಿಯಲ್ಲಿ. ಇಷ್ಟು ವರ್ಷಗಳಲ್ಲಿ ನನ್ನ ಮುಖಕ್ಕೆ ಅವರು ಆಡಿದ ಮೊದಲ ಕೊಂಕಣಿ ಶಬ್ದ. ಬೀದರಿನ ಪೇಟೆಯಲ್ಲಿ ಉರ್ದುವಿನವರ ಬಾಯಲ್ಲಿಯೂ ಏಳು ಅಂದರೆ ಸಾತ್. ಆ ಒಂದು ಶಬ್ದಕ್ಕೆ ನನಗೆ ಯಾರೂ ಅರ್ಥ ಹೇಳಿಕೊಡಬೇಕಾಗಿರಲಿಲ್ಲ.

ಏಳು ತೆನೆ ಎಣಿಸಿ ಕೊಟ್ಟೆ. ಮುಂದಿನ ವರ್ಷವೂ ಕೇಳುತ್ತೇನೆ, ಅದರ ಮುಂದಿನ ವರ್ಷವೂ. ಆ ಮನುಷ್ಯನ ಬಾಯಿಂದ ಆ ಲೆಕ್ಕ ಪ್ರತಿ ವರ್ಷ ಬರಬೇಕು, ನನ್ನ ಕೆಸರಿನಲ್ಲಿ ನಿಂತು.

ಕ್ಷಮಿಸಿದೆಯಾ ಎಂದು ಅಮ್ಮ ಕೇಳಿದಳು. ಇಲ್ಲ ಎಂದೆ. ರಾತ್ರಿ ತೇರ್ಸಿನಲ್ಲಿ ಆ ಸಾಲು ಬಂದಾಗ ನಾನು ಈಗಲೂ ಸುಮ್ಮನಿರುತ್ತೇನೆ. ಮಾಂಯ್‌ಗೆ ವಯಸ್ಸಾಗಿದೆ, ದನಿ ನಡುಗುತ್ತದೆ. ಆದರೂ ಆ ಒಂದು ಸಾಲನ್ನು ಇಬ್ಬರ ದನಿಯಲ್ಲಿ ಹೇಳುತ್ತಾರೆ, ನನ್ನ ಪಾಲಿನದ್ದನ್ನೂ ಸೇರಿಸಿ.